ಅಟ್ಲಾಂಟದ ಆ 17 ದಿನ: ಜನ ಕಾರು ಬಿಟ್ಟರೆ ಗಾಳಿ ಎಷ್ಟು ತಿಳಿಯಾಗುತ್ತದೆ?

1996ರ ಜುಲೈ 19ರಿಂದ ಆಗಸ್ಟ್ 4ರವರೆಗೆ ಅಮೆರಿಕದ ಅಟ್ಲಾಂಟದಲ್ಲಿ ಬೇಸಿಗೆ ಒಲಿಂಪಿಕ್ಸ್ ನಡೆಯಿತು. ಆ 17 ದಿನ ಊರಿನ ಜನ ಕೆಲಸಕ್ಕೆ ಹೋಗಿಬರುವ ರೀತಿಯನ್ನೇ ಬದಲಿಸಿಕೊಂಡರು. ಬೆಳಗಿನ ಟ್ರಾಫಿಕ್ ಇಳಿಯಿತು. ಉಸಿರಿಗೆ ತೊಂದರೆ ಕೊಡುವ, ನೆಲಮಟ್ಟದ ಗಾಳಿಯಲ್ಲಿನ ಓಝೋನ್ ಅನಿಲ ಇಳಿಯಿತು. ಆಸ್ತಮಾ ಜೋರಾಗಿ ಆಸ್ಪತ್ರೆಗೆ ಬರುವ ಮಕ್ಕಳೂ ಕಡಿಮೆಯಾದರು. 2001ರಲ್ಲಿ ಈ ಮೂರನ್ನೂ ಒಂದೇ ದಾರಕ್ಕೆ ಪೋಣಿಸಿದ ಪ್ರಬಂಧವೊಂದು ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆ ‘ಜಾಮಾ’ದಲ್ಲಿ ಬಂತು. 2010ರಲ್ಲಿ ಇನ್ನೊಂದು ತಂಡ ಅದೇ 17 ದಿನಗಳನ್ನು ಮತ್ತೆ ಲೆಕ್ಕಕ್ಕೆ ತೆಗೆದುಕೊಂಡಿತು. ಉತ್ತರ ಬೇರೆಯೇ ಬಂತು.

ಊರು ಅದೇ, ದಿನಗಳು ಅವೇ, ಉತ್ತರ ಮಾತ್ರ ಎರಡು. ಬಸ್ಸು, ರೈಲು, ಸೈಕಲ್, ಒಂದೇ ಕಾರಿನಲ್ಲಿ ನಾಲ್ಕು ಜನ, ಮನೆಯಿಂದಲೇ ಕೆಲಸ, ಇಂಥವಕ್ಕೆ ಜನರನ್ನು ಒಗ್ಗಿಸುವ ಯೋಜನೆಗಳು ಈಗ ಎಲ್ಲ ಕಡೆ ಇವೆ. ದುಡ್ಡು ಕೊಡುವವರು ಕೇಳುವುದು ಒಂದೇ ಮಾತು: ಎಷ್ಟು ಕಡಿಮೆಯಾಯಿತು? ನನಗೆ ಈ ಯೋಜನೆಗಳ ಬಗ್ಗೆ ನಿಜವಾದ ಕಾಳಜಿ ಇದೆ. ಅದಕ್ಕೇ ಅಟ್ಲಾಂಟದ ಕತೆಯನ್ನು ಪೂರ್ತಿ ಬಿಡಿಸಿ ನೋಡಬೇಕು ಅನ್ನಿಸಿತು. ‘ಎಷ್ಟು’ ಎಂದು ಕೇಳುವ ಮೊದಲು ‘ಯಾವುದಕ್ಕೆ ಹೋಲಿಸಿದರೆ’ ಎಂದು ಕೇಳದಿದ್ದರೆ ಏನಾಗುತ್ತದೆ ಎಂಬುದು ಇಲ್ಲಿ ಕಾಣುವಷ್ಟು ಚೆನ್ನಾಗಿ ಬೇರೆಲ್ಲೂ ಕಾಣುವುದಿಲ್ಲ.

ಊರು ಮಾಡಿಕೊಂಡ ತಯಾರಿ

ಅಟ್ಲಾಂಟ ಕಾರಿನ ಊರು. ಐ-75 ಮತ್ತು ಐ-85 ಎಂಬ ಎರಡು ದೊಡ್ಡ ಹೆದ್ದಾರಿಗಳು ಊರಿನ ನಟ್ಟನಡುವೆ ಒಂದಾಗಿ ಸಾಗುತ್ತವೆ. ಮನೆ ಒಂದು ಕೌಂಟಿಯಲ್ಲಿ (ನಮ್ಮ ಜಿಲ್ಲೆಯಂಥ ಆಡಳಿತ ಭಾಗ), ಆಫೀಸು ಇನ್ನೊಂದರಲ್ಲಿ, ನಡುವೆ ಕಾರು. ಮಾರ್ಟಾ ಎಂಬ ಸಾರಿಗೆ ಸಂಸ್ಥೆಯ ರೈಲು 1979ರಿಂದ ಓಡುತ್ತಿದ್ದರೂ ಬಹುಪಾಲು ಜನ ಕಾರಿನಲ್ಲಿ ಒಬ್ಬರೇ ಕೂತು ಕೆಲಸಕ್ಕೆ ಹೋಗುತ್ತಿದ್ದರು.

ಗಾಳಿಯ ವಿಷಯದಲ್ಲೂ ಊರಿಗೆ ಒಳ್ಳೆಯ ಹೆಸರಿರಲಿಲ್ಲ. 1990ರಲ್ಲಿ ತಿದ್ದುಪಡಿಯಾದ ಕ್ಲೀನ್ ಏರ್ ಆಕ್ಟ್ ಪ್ರಕಾರ ಅಟ್ಲಾಂಟ ಮತ್ತು ಸುತ್ತಲಿನ ಕೌಂಟಿಗಳು, ಒಟ್ಟು 13, ಓಝೋನ್ ಮಟ್ಟಿಗೆ ‘ಗಂಭೀರ’ ದರ್ಜೆಯಲ್ಲಿದ್ದವು. ಆಗಿನ ಮಿತಿ ಒಂದು ಗಂಟೆಯ ಸರಾಸರಿಯಲ್ಲಿ 120 ಪಿಪಿಬಿ. ಅಂದರೆ ಗಾಳಿಯ ನೂರು ಕೋಟಿ ಭಾಗದಲ್ಲಿ ಓಝೋನ್ 120 ಭಾಗ. ಬೇಸಿಗೆಯ ಕೆಟ್ಟ ದಿನಗಳಲ್ಲಿ ಊರು ಈ ಗೆರೆ ದಾಟುತ್ತಿತ್ತು.

ಅಂಥ ಊರಿಗೆ ಹತ್ತಿಪ್ಪತ್ತು ಲಕ್ಷ ಜನ ಬರುತ್ತಾರೆ ಎಂದಾಗ ಆಡಳಿತಕ್ಕೆ ಭಯವಾಗದೆ ಇರುತ್ತದೆಯೇ? ಹಾಗಾಗಿ ತಯಾರಿ ದೊಡ್ಡದಾಗಿಯೇ ನಡೆಯಿತು. ಮಾರ್ಟಾ ರೈಲು, ಬಸ್ಸು ದಿನದ 24 ಗಂಟೆಯೂ ಓಡಿದವು. ಹೊರವಲಯದಲ್ಲಿ ಕಾರು ನಿಲ್ಲಿಸಿ ಬಸ್ಸು ಹತ್ತುವ ವ್ಯವಸ್ಥೆಗೆಂದು ಸುಮಾರು 1,000 ಬಸ್ಸುಗಳು ಹೆಚ್ಚುವರಿಯಾಗಿ ಬಂದವು. ಡೌನ್‌ಟೌನ್‌ನ ಒಂದು ಭಾಗಕ್ಕೆ ಖಾಸಗಿ ಕಾರುಗಳ ಪ್ರವೇಶ ನಿಂತಿತು. ಅಂಗಡಿಗಳಿಗೆ ಸರಕು ತರುವ ಲಾರಿಗಳ ಸಮಯ ಬದಲಾಯಿತು. ಕಂಪನಿಗಳು ಕೆಲಸದ ಗಂಟೆಗಳನ್ನು ಹಿಂದೆ ಮುಂದೆ ಮಾಡಿದವು, ಆಗುವವರಿಗೆ ಮನೆಯಿಂದಲೇ ಕೆಲಸ ಮಾಡಿ ಎಂದವು. ಟ್ರಾಫಿಕ್ ಭೀಕರವಾಗಿರುತ್ತದೆ, ಕಾರು ತೆಗೆಯಬೇಡಿ ಎಂಬ ಪ್ರಚಾರ ವಾರಗಟ್ಟಲೆ ನಡೆಯಿತು. ನ್ಯಾವಿಗೇಟರ್ ಹೆಸರಿನ ಹೊಸ ಟ್ರಾಫಿಕ್ ನಿಗಾ ವ್ಯವಸ್ಥೆ, ಒಂದಕ್ಕಿಂತ ಜಾಸ್ತಿ ಜನರಿರುವ ಕಾರುಗಳಿಗೆಂದೇ ಮೀಸಲಾದ ಲೇನುಗಳು, ಇವೂ ಅದೇ ಹೊತ್ತಿಗೆ ಬಂದವು.

ಇಲ್ಲಿ ಒಂದು ವಿಷಯ ಗಮನಿಸಿ. ಇದು ಒಂದು ಯೋಜನೆಯಲ್ಲ, ಹತ್ತಾರು ಯೋಜನೆಗಳ ಕಟ್ಟು. ಫಲ ಸಿಕ್ಕರೂ ಅದು ಬಸ್ಸಿನದೋ, ಮನೆಯಿಂದ ಕೆಲಸದ್ದೋ, ಭಯ ಹುಟ್ಟಿಸಿದ ಪ್ರಚಾರದ್ದೋ ಎಂದು ಬಿಡಿಸಿ ಹೇಳಲು ಆಗುವುದಿಲ್ಲ. ಈ ತೊಡಕು ಮೊದಲ ದಿನದಿಂದಲೇ ಇತ್ತು.

ಮೊದಲ ಲೆಕ್ಕ

ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸಿಡಿಸಿ ಇರುವುದೂ ಅಟ್ಲಾಂಟದಲ್ಲೇ. ಅಲ್ಲಿನ ಮೈಕೆಲ್ ಫ್ರೀಡ್‌ಮನ್ ಮತ್ತು ಸಂಗಡಿಗರು ಸರಳವಾದ ದಾರಿ ಹಿಡಿದರು. ಒಲಿಂಪಿಕ್ಸ್‌ನ 17 ದಿನ ಒಂದು ಕಡೆ. ಅದಕ್ಕಿಂತ ಹಿಂದಿನ ನಾಲ್ಕು ವಾರ, ಮುಂದಿನ ನಾಲ್ಕು ವಾರ ಇನ್ನೊಂದು ಕಡೆ. ನಡುವಿನ ಐದು ಕೌಂಟಿಗಳಲ್ಲಿನ 1ರಿಂದ 16 ವರ್ಷದ ಮಕ್ಕಳ ಆಸ್ತಮಾ ದಾಖಲೆಗಳು, ಓಝೋನ್ ಮಾಪಕಗಳ ಅಂಕಿಗಳು, ರಸ್ತೆಯ ಎಣಿಕೆ ಯಂತ್ರಗಳ ಅಂಕಿಗಳು, ಇಷ್ಟನ್ನು ಪಕ್ಕಪಕ್ಕ ಇಟ್ಟರು.

ಸಿಕ್ಕ ಫಲ ಯಾರನ್ನಾದರೂ ಸೆಳೆಯುವಂಥದ್ದು. ಕೆಲಸದ ದಿನಗಳ ಬೆಳಗಿನ ದಟ್ಟಣೆ ಹೊತ್ತಿನ ಟ್ರಾಫಿಕ್ ಶೇ. 22.5 ಇಳಿದಿತ್ತು. ದಿನದ ಗರಿಷ್ಠ ಓಝೋನ್ ಸರಾಸರಿ 81.3 ಪಿಪಿಬಿಯಿಂದ 58.6ಕ್ಕೆ, ಅಂದರೆ ಶೇ. 27.9 ಇಳಿದಿತ್ತು. ಬಡ ಕುಟುಂಬಗಳ ಸರ್ಕಾರಿ ವಿಮೆ ಮೆಡಿಕೈಡ್‌ನ ದಾಖಲೆಯಲ್ಲಿ ಆಸ್ತಮಾ ತುರ್ತು ಪ್ರಕರಣಗಳು ದಿನಕ್ಕೆ 4.23 ಇದ್ದದ್ದು 2.47 ಆಗಿದ್ದವು. ಶೇ. 41.6ರ ಇಳಿಕೆ. ಆಸ್ತಮಾ ಅಲ್ಲದ ಬೇರೆ ಕಾಯಿಲೆಗಳ ಪ್ರಕರಣಗಳು ಹೆಚ್ಚುಕಡಿಮೆ ಇದ್ದಹಾಗೇ ಇದ್ದವು. ಹವಾಮಾನದಲ್ಲೂ ದೊಡ್ಡ ವ್ಯತ್ಯಾಸ ಕಾಣಲಿಲ್ಲ ಎಂದು ತಂಡ ಬರೆಯಿತು.

ಆಸ್ತಮಾ ಅಲ್ಲದ ಕಾಯಿಲೆಗಳನ್ನು ನೋಡಿದ್ದು ಜಾಣತನದ ಕೆಲಸ. ಒಲಿಂಪಿಕ್ಸ್ ಗದ್ದಲಕ್ಕೆ ಹೆದರಿ ಕುಟುಂಬಗಳು ಊರು ಬಿಟ್ಟು ಹೋಗಿದ್ದರೆ, ಅಥವಾ ರಸ್ತೆ ಮುಚ್ಚಿದೆ ಎಂದು ಆಸ್ಪತ್ರೆಗೆ ಹೋಗದೆ ಉಳಿದಿದ್ದರೆ, ಎಲ್ಲ ಕಾಯಿಲೆಗಳ ಸಂಖ್ಯೆಯೂ ಇಳಿಯಬೇಕಿತ್ತು. ಹಾಗಾಗಲಿಲ್ಲ. ಇಳಿದದ್ದು ಆಸ್ತಮಾ ಒಂದೇ. ಓದಿದವರಿಗೆ ಇದು ಗಟ್ಟಿ ಸಾಕ್ಷಿಯಾಗಿ ಕಂಡದ್ದು ಸಹಜವೇ.

ಆದರೆ ಶೇಕಡಾವಾರು ಬಿಟ್ಟು ತಲೆ ಎಣಿಸಿ ನೋಡೋಣ. ದಿನಕ್ಕೆ 2.47 ಅಂದರೆ 17 ದಿನಕ್ಕೆ ಸುಮಾರು 42 ಪ್ರಕರಣ. ಹಳೆಯ ವೇಗದಲ್ಲೇ ಬಂದಿದ್ದರೆ 72 ಆಗುತ್ತಿತ್ತು. ವ್ಯತ್ಯಾಸ 30. ತಂಡ ನೋಡಿದ ಇನ್ನೊಂದು ದಾಖಲೆ ಖಾಸಗಿ ಆರೋಗ್ಯ ಯೋಜನೆಯದು. ಅಲ್ಲಿ ಇಳಿಕೆ ಇನ್ನೂ ಜಾಸ್ತಿ, ಶೇ. 44.1. ಆದರೆ ದಿನಕ್ಕೆ 1.36 ಇದ್ದದ್ದು 0.76 ಆಯಿತು ಅಷ್ಟೇ. 17 ದಿನಕ್ಕೆ 23ರ ಬದಲು 13. ಹತ್ತು ಪ್ರಕರಣಗಳ ವ್ಯತ್ಯಾಸ. ಇಷ್ಟು ಸಣ್ಣ ಸಂಖ್ಯೆ ಯಾವ ಕಾರಣವೂ ಇಲ್ಲದೆ ಮೂರೋ ನಾಲ್ಕೋ ಹೆಚ್ಚುಕಡಿಮೆ ಆಗುವುದು ಮಾಮೂಲಿ. ಮಕ್ಕಳ ಎರಡು ತುರ್ತು ಚಿಕಿತ್ಸಾ ವಿಭಾಗಗಳಲ್ಲಿ ಇಳಿಕೆ ಶೇ. 11.1 ಮಾತ್ರ. ರಾಜ್ಯದ ಆಸ್ಪತ್ರೆ ದಾಖಲಾತಿಯಲ್ಲಿ ಶೇ. 19.1. ವಾರದ ದಿನ, ಹವೆ ಇತ್ಯಾದಿಗಳನ್ನೆಲ್ಲ ಸೇರಿಸಿ ಲೆಕ್ಕ ಮಾಡಿದಾಗ ಸಂಖ್ಯಾಶಾಸ್ತ್ರದ ಪರೀಕ್ಷೆಯಲ್ಲಿ ಪಾಸಾದದ್ದು ಮೆಡಿಕೈಡ್ ಅಂಕಿ ಒಂದೇ. ಇದನ್ನು ತಂಡವೇ ಪ್ರಬಂಧದಲ್ಲಿ ಹೇಳಿದೆ, ಬಚ್ಚಿಟ್ಟಿಲ್ಲ. ಆದರೆ ಹೊರಗೆ ಬಾಯಿಂದ ಬಾಯಿಗೆ ಹೋದದ್ದು ಶೇ. 41.6 ಎಂಬ ಒಂದೇ ಸಂಖ್ಯೆ. ನಾಲ್ಕು ದಾಖಲೆಗಳಲ್ಲಿ ಒಂದನ್ನು ಹಿಡಿದು ಉಳಿದ ಮೂರನ್ನು ಕೈಬಿಟ್ಟರೆ ಅದು ಅಳತೆಯಲ್ಲ.

ಬೆಳಗಿನ ಒಂದು ಗಂಟೆ ಮತ್ತು ಇಡೀ ದಿನ

ಟ್ರಾಫಿಕ್ ಅಂಕಿಯನ್ನೂ ಸ್ವಲ್ಪ ಹತ್ತಿರದಿಂದ ನೋಡಬೇಕು. ಶೇ. 22.5 ಇಳಿದದ್ದು ಬೆಳಗಿನ ಅತಿ ದಟ್ಟಣೆಯ ಒಂದು ಗಂಟೆಯಲ್ಲಿ. ಇಡೀ 24 ಗಂಟೆಯ ಎಣಿಕೆಯಲ್ಲಿ ಇಳಿಕೆ ಶೇ. 3ರ ಆಸುಪಾಸು ಮಾತ್ರ.

ಅಂದರೆ ಕಾರುಗಳು ಎಲ್ಲಿ ಹೋದವು? ಬಹಳಷ್ಟು ಎಲ್ಲೂ ಹೋಗಲಿಲ್ಲ. ಬೆಳಿಗ್ಗೆ ಎಂಟಕ್ಕೆ ಹೊರಡುತ್ತಿದ್ದವರು ಆರಕ್ಕೋ ಹತ್ತಕ್ಕೋ ಹೊರಟರು. ಕಂಪನಿಗಳು ಸಮಯ ಬದಲಿಸಿದ್ದರ ಫಲ ಇದು. ಜೊತೆಗೆ ಪಂದ್ಯ ನೋಡಲು ಬಂದವರ ಓಡಾಟ, ರಾತ್ರಿಯ ಸರಕು ಸಾಗಣೆ, ಇವು ಬೇರೆ ಗಂಟೆಗಳನ್ನು ತುಂಬಿದವು.

ಹಾಗಂತ ಆ ಶೇ. 22.5 ಸುಳ್ಳಲ್ಲ. ರಸ್ತೆ ತುಂಬಿ ತುಳುಕುವ ಹೊತ್ತಿನಲ್ಲಿ ನೂರರಲ್ಲಿ ಐದು ಕಾರು ಕಡಿಮೆಯಾದರೂ ಸಾಲು ಕರಗಲು ಶುರುವಾಗುತ್ತದೆ. ರಸ್ತೆಯ ಸಾಮರ್ಥ್ಯದ ಅಂಚಿನಲ್ಲಿ ಪ್ರತಿ ಕಾರೂ ತನ್ನ ಹಿಂದಿನ ಎಲ್ಲರನ್ನೂ ಕಾಯಿಸುತ್ತಿರುತ್ತದೆ. ಹಾಗಾಗಿ ದಟ್ಟಣೆ ಇಳಿಸುವುದೇ ಗುರಿಯಾದರೆ ಸಮಯ ಬದಲಿಸುವುದು ಬಹಳ ಒಳ್ಳೆಯ ಮದ್ದು. ಅಟ್ಲಾಂಟದಲ್ಲಿ ಅದು ಫಲ ಕೊಟ್ಟಿತು ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ಗಾಳಿಯ ಲೆಕ್ಕ ಹಾಗಲ್ಲ. ಎಂಟಕ್ಕೆ ಹೊರಟರೂ ಆರಕ್ಕೆ ಹೊರಟರೂ ಕಾರು ಓಡುವುದು ಅಷ್ಟೇ ಮೈಲಿ, ಸುಡುವುದು ಹೆಚ್ಚುಕಡಿಮೆ ಅಷ್ಟೇ ಪೆಟ್ರೋಲ್. ನಿಂತು ನಿಂತು ಹೋಗುವುದು ತಪ್ಪಿದ್ದರಿಂದ ಸ್ವಲ್ಪ ಉಳಿತಾಯ ಆಗುತ್ತದೆ, ನಿಜ. ಆದರೆ ಇಡೀ ದಿನದ ಓಡಾಟ ಶೇ. 3 ಇಳಿದು ಓಝೋನ್ ಮಾತ್ರ ಶೇ. 28ರಷ್ಟು ಇಳಿಯಿತು ಎಂದರೆ, ನಡುವೆ ಇನ್ನೇನೋ ಇರಬೇಕು ಅಲ್ವಾ?

ಓಝೋನ್ ಎಂಬ ಕಷ್ಟದ ಅಳತೆ

ಕಾರಿನ ಹೊಗೆಕೊಳವೆಯಿಂದ ಓಝೋನ್ ಬರುವುದಿಲ್ಲ. ಬರುವುದು ನೈಟ್ರೋಜನ್ ಆಕ್ಸೈಡುಗಳು ಮತ್ತು ಸುಡದೆ ಉಳಿದ ಹೈಡ್ರೋಕಾರ್ಬನ್‌ಗಳು. ಇವೆರಡೂ ಬಿಸಿಲಲ್ಲಿ ಗಂಟೆಗಟ್ಟಲೆ ಬೆಂದಾಗ ಓಝೋನ್ ಹುಟ್ಟುತ್ತದೆ. ಬಿಸಿಲು ಜೋರಾಗಿರಬೇಕು, ಗಾಳಿ ನಿಂತಿರಬೇಕು. ಮೋಡ ಕವಿದರೆ, ಮಳೆ ಬಂದರೆ, ಗಾಳಿ ಬೀಸಿದರೆ ಎಷ್ಟೇ ಕಾರು ಓಡಿದರೂ ಓಝೋನ್ ಏರುವುದಿಲ್ಲ.

ಅಟ್ಲಾಂಟದಲ್ಲಿ ಇನ್ನೂ ಒಂದು ತೊಡಕಿದೆ. ಊರಿನ ತುಂಬ ಮರಗಳು. ಓಕ್ ಮರಗಳಂತೂ ಬಿಸಿಲಿಗೆ ಐಸೊಪ್ರೀನ್ ಎಂಬ ಹೈಡ್ರೋಕಾರ್ಬನ್ ಬಿಡುತ್ತವೆ. 1988ರಲ್ಲಿ ಅಟ್ಲಾಂಟದಲ್ಲೇ ಇರುವ ಜಾರ್ಜಿಯಾ ಟೆಕ್ ವಿಶ್ವವಿದ್ಯಾಲಯದ ವಿಲಿಯಂ ಚಾಮಿಡೀಸ್ ಮತ್ತು ಸಂಗಡಿಗರು ‘ಸೈನ್ಸ್’ ಪತ್ರಿಕೆಯಲ್ಲಿ ಅಟ್ಲಾಂಟವನ್ನೇ ಉದಾಹರಣೆಯಾಗಿ ತೆಗೆದುಕೊಂಡು ಇದನ್ನು ತೋರಿಸಿದರು. ಓಝೋನ್‌ಗೆ ಬೇಕಾದ ಎರಡು ಕಚ್ಚಾ ವಸ್ತುಗಳಲ್ಲಿ ಒಂದನ್ನು ಮರಗಳೇ ಧಾರಾಳವಾಗಿ ಕೊಡುತ್ತಿರುವಾಗ, ಕಾರಿನ ಹೈಡ್ರೋಕಾರ್ಬನ್ ಎಷ್ಟು ಇಳಿಸಿದರೂ ಪ್ರಯೋಜನ ಕಡಿಮೆ. ಇಳಿಯಬೇಕಾದದ್ದು ನೈಟ್ರೋಜನ್ ಆಕ್ಸೈಡ್. ಅದು ಕಾರಿನಿಂದಷ್ಟೇ ಬರುವುದಿಲ್ಲ, ಡೀಸೆಲ್ ಲಾರಿ, ಬಸ್ಸು, ಕಲ್ಲಿದ್ದಲು ವಿದ್ಯುತ್ ಸ್ಥಾವರಗಳಿಂದಲೂ ಬರುತ್ತದೆ. ಆ 1,000 ಬಸ್ಸುಗಳ ಹೊಗೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಕಾರು ಕಡಿಮೆಯಾದದ್ದೇ ಕಾರಣವಾಗಿದ್ದರೆ ಮೊದಲು ಇಳಿಯಬೇಕಾದದ್ದು ನೈಟ್ರೋಜನ್ ಡೈಆಕ್ಸೈಡ್. ರಸ್ತೆಗೆ ಅದು ಓಝೋನ್‌ಗಿಂತ ತುಂಬಾ ಹತ್ತಿರದ ನೆಂಟ. ಫ್ರೀಡ್‌ಮನ್ ತಂಡದ ಅಂಕಿಗಳಲ್ಲಿ ಅದರ ಇಳಿಕೆ ಓಝೋನ್‌ನದಕ್ಕಿಂತ ಬಹಳ ಸಣ್ಣದು. ನನ್ನ ಮಟ್ಟಿಗೆ ಇಡೀ ಪ್ರಬಂಧದಲ್ಲಿ ಅನುಮಾನ ಹುಟ್ಟಿಸಬೇಕಾದ ಜಾಗ ಇದು.

ಎರಡನೆಯ ಲೆಕ್ಕ

ಬಾಸ್ಟನ್‌ನಲ್ಲಿ ಹೆಲ್ತ್ ಎಫೆಕ್ಟ್ಸ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆ ಇದೆ. ಅಮೆರಿಕದ ಪರಿಸರ ಸಂರಕ್ಷಣಾ ಏಜೆನ್ಸಿ ಮತ್ತು ವಾಹನ ಉದ್ಯಮ ಎರಡೂ ಸೇರಿ ಇದಕ್ಕೆ ಹಣ ಕೊಡುತ್ತವೆ. ಗಾಳಿ ಶುದ್ಧ ಮಾಡಲು ತೆಗೆದುಕೊಂಡ ಕ್ರಮಗಳು ಜನರ ಆರೋಗ್ಯಕ್ಕೆ ನಿಜವಾಗಿ ಮುಟ್ಟಿದವೇ ಎಂದು ಪರೀಕ್ಷಿಸುವ ಅಧ್ಯಯನಗಳಿಗೆ ಅದು ನೆರವು ಕೊಡುತ್ತದೆ. ಆ ನೆರವಿನಲ್ಲಿ ಜೆನಿಫರ್ ಪೀಲ್ ಮತ್ತು ಸಂಗಡಿಗರು ಅಟ್ಲಾಂಟದ 17 ದಿನಗಳನ್ನು ಮತ್ತೆ ತೆರೆದರು. 2010ರಲ್ಲಿ ಅದು ಸಂಸ್ಥೆಯ 148ನೇ ಸಂಶೋಧನಾ ವರದಿಯಾಗಿ ಬಂತು.

ಅವರು ಮಾಡಿದ ಮುಖ್ಯ ಬದಲಾವಣೆ ಹೊಸ ಯಂತ್ರವಲ್ಲ, ಹೊಸ ಸೂತ್ರವೂ ಅಲ್ಲ. ಹೋಲಿಕೆಯನ್ನು ಬದಲಿಸಿದರು.

ಮೊದಲನೆಯದು ಬೇರೆ ಊರುಗಳು. ಒಲಿಂಪಿಕ್ಸ್‌ಗೂ ತಮಗೂ ಏನೇನೂ ಸಂಬಂಧವಿಲ್ಲದ ಆಗ್ನೇಯ ಅಮೆರಿಕದ ಇತರ ಕಡೆಗಳಲ್ಲಿ ಅದೇ ದಿನಗಳಲ್ಲಿ ಓಝೋನ್ ಎಷ್ಟಿತ್ತು? ನೋಡಿದರೆ ಅಲ್ಲೂ ಇಳಿದಿತ್ತು! ಅಟ್ಲಾಂಟದಲ್ಲಿ ಸುಮಾರು ಶೇ. 30 ಇಳಿದಿದ್ದರೆ ಉಳಿದ ಕಡೆಯೂ ಅದಕ್ಕೆ ಹೋಲುವಂಥ ಇಳಿಕೆಯೇ ಕಂಡಿತು. ಅಲ್ಲಿ ಯಾರೂ ಡೌನ್‌ಟೌನ್ ಮುಚ್ಚಿರಲಿಲ್ಲ, ಯಾರೂ ಬಸ್ಸು ಹೆಚ್ಚಿಸಿರಲಿಲ್ಲ. ಇಡೀ ಪ್ರದೇಶದ ಮೇಲೆ ಆ ವಾರಗಳಲ್ಲಿ ಓಝೋನ್‌ಗೆ ಒಗ್ಗದ ಹವೆ ಇತ್ತು ಎಂಬುದೇ ಸರಳ ವಿವರಣೆ.

ಎರಡನೆಯದು ಬೇರೆ ವರ್ಷಗಳು. ಒಲಿಂಪಿಕ್ಸ್ ಇಲ್ಲದ ವರ್ಷಗಳಲ್ಲೂ ಜುಲೈ ಕೊನೆ, ಆಗಸ್ಟ್ ಮೊದಲಿನಲ್ಲಿ ಉಸಿರಾಟದ ತೊಂದರೆಗಳು ಹೇಗಿರುತ್ತವೆ? ಕಡಿಮೆಯೇ ಇರುತ್ತವೆ. ನಡುಬೇಸಿಗೆ ಮಕ್ಕಳ ಆಸ್ತಮಾಗೆ ವರ್ಷದ ಶಾಂತ ಕಾಲ. ಶಾಲೆ ತೆರೆದು ಮಕ್ಕಳು ಒಂದೆಡೆ ಸೇರಿದ ಮೇಲೆ ನೆಗಡಿಯ ವೈರಸ್ ಹರಡುತ್ತದೆ, ಆಸ್ತಮಾ ಏರುತ್ತದೆ. ಅಟ್ಲಾಂಟ ಇರುವ ಜಾರ್ಜಿಯಾ ರಾಜ್ಯದಲ್ಲಿ ಶಾಲೆಗಳು ತೆರೆಯುವುದು ಆಗಸ್ಟ್‌ನಲ್ಲೇ. ಅಂದರೆ ಮೊದಲ ಅಧ್ಯಯನ ಹೋಲಿಕೆಗೆ ಹಿಡಿದ ‘ಮುಂದಿನ ನಾಲ್ಕು ವಾರ’ ಆಸ್ತಮಾ ಏರಲು ಶುರುವಾಗುವ ಕಾಲಕ್ಕೆ ತಾಗಿಕೊಂಡಿತ್ತು. ಏರುವ ವಾರಗಳ ಪಕ್ಕ ಇಟ್ಟರೆ ಒಲಿಂಪಿಕ್ಸ್ ವಾರಗಳು ತಗ್ಗಾಗಿ ಕಾಣುವುದು ಸಹಜ.

ಈ ಋತುಮಾನದ ಏರಿಳಿತವನ್ನು ತೆಗೆದು, ಊರಿನ 12 ಆಸ್ಪತ್ರೆಗಳ ತುರ್ತು ವಿಭಾಗಗಳ ದಾಖಲೆಗಳನ್ನು ನೋಡಿದಾಗ, ಒಲಿಂಪಿಕ್ಸ್‌ನಿಂದ ಭೇಟಿಗಳು ಕಡಿಮೆಯಾದವು ಎನ್ನಲು ಸಾಕ್ಷಿ ಇಲ್ಲವೆನ್ನುವಷ್ಟು ಕಡಿಮೆ ಸಿಕ್ಕಿತು. ಟ್ರಾಫಿಕ್ ಮಾತ್ರ ಬೆಳಗಿನ ಹೊತ್ತಿನಲ್ಲಿ ಇಳಿದದ್ದು ಇಲ್ಲೂ ಕಂಡಿತು, ಆದರೆ ರಸ್ತೆಯಿಂದ ರಸ್ತೆಗೆ ತುಂಬಾ ವ್ಯತ್ಯಾಸವಿತ್ತು.

ಮೊದಲ ತಂಡವನ್ನು ನಾನು ಕಡಿಮೆ ಮಾಡಿ ಮಾತಾಡುತ್ತಿಲ್ಲ. ಅವರು ತಾಪಮಾನ, ಗಾಳಿಯ ವೇಗ ನೋಡಿದ್ದರು, ಬೇರೆ ಕಾಯಿಲೆಗಳನ್ನು ನೋಡಿದ್ದರು. ಯಾರೂ ಅಷ್ಟು ಎಚ್ಚರದಿಂದ ನೋಡಿರದ ಪ್ರಶ್ನೆಯನ್ನು ಮೊದಲು ಎತ್ತಿದ್ದೇ ಅವರು. ಆದರೆ ನೆಲಮಟ್ಟದ ತಾಪಮಾನದ ಸರಾಸರಿ ಒಂದೇ ಇದ್ದರೂ ಮೇಲಿನ ಹವೆ ಒಂದೇ ಇರಬೇಕಿಲ್ಲ. ಅದನ್ನೆಲ್ಲ ಒಂದೊಂದಾಗಿ ಅಳೆಯುವ ಬದಲು ಪಕ್ಕದ ಊರಿನ ಓಝೋನ್ ನೋಡಿಬಿಟ್ಟರೆ ಸಾಕು. ಅಳೆದದ್ದು, ಅಳೆಯದೆ ಬಿಟ್ಟದ್ದು, ಎಲ್ಲ ಹವೆಯೂ ಅದರಲ್ಲಿ ಸೇರಿಕೊಂಡಿರುತ್ತದೆ.

ಹಾಗಾದರೆ ಉಳಿದದ್ದೇನು?

ಮೂರು ಮಾತುಗಳನ್ನು ಬೇರೆ ಬೇರೆಯಾಗಿ ಹೇಳಬೇಕು. ಬೆಳಗಿನ ದಟ್ಟಣೆ ಇಳಿಯಿತು: ಇದು ನಿಲ್ಲುತ್ತದೆ. ಅದರಿಂದ ಓಝೋನ್ ಇಳಿಯಿತು: ಸ್ವಲ್ಪ ಪಾಲು ಇದ್ದಿರಬಹುದು, ಆದರೆ ಹೇಳಿಕೊಂಡಷ್ಟು ಖಂಡಿತ ಅಲ್ಲ. ಓಝೋನ್ ಇಳಿದದ್ದರಿಂದ ಮಕ್ಕಳ ಆಸ್ತಮಾ ಇಳಿಯಿತು: ಈ 17 ದಿನಗಳ ಆಧಾರದ ಮೇಲೆ ಹೀಗೆ ಹೇಳಲು ಬರುವುದಿಲ್ಲ.

ಓಝೋನ್ ಆಸ್ತಮಾ ಕೆರಳಿಸುತ್ತದೆ ಎಂಬುದಕ್ಕೆ ಬೇರೆ ಕಡೆಯ ಸಾಕ್ಷಿ ಬೇಕಾದಷ್ಟಿದೆ. ಹಾಗಾಗಿ ಅಟ್ಲಾಂಟದ ಎರಡನೆಯ ಲೆಕ್ಕ ಹಿಡಿದು ‘ಕಾರು ಬಿಟ್ಟರೂ ಏನೂ ಆಗದು’ ಎಂದು ಹೇಳುವವರದ್ದೂ ತಪ್ಪೇ. ಅಷ್ಟು ಸಣ್ಣ ಅವಧಿಯಲ್ಲಿ, ಅಷ್ಟು ಸಣ್ಣ ಇಳಿಕೆಯಲ್ಲಿ, ಫಲ ಇದ್ದರೂ ಕಾಣುತ್ತಿರಲಿಲ್ಲ. ಕಾಣಲಿಲ್ಲ ಎಂದರೆ ಇಲ್ಲವೆಂದಲ್ಲ. ಇಲ್ಲಿ ಸೋತದ್ದು ಯೋಜನೆಯಲ್ಲ, ಅದರ ಮೇಲೆ ಹೇರಿದ ದೊಡ್ಡ ಮಾತು.

ದಿನನಿತ್ಯದ ಯೋಜನೆಗಳ ಲೆಕ್ಕ

ಒಲಿಂಪಿಕ್ಸ್ ಮುಗಿಯಿತು, ಹೆಚ್ಚುವರಿ ಬಸ್ಸುಗಳು ವಾಪಸ್ ಹೋದವು. ಆದರೆ ಅಟ್ಲಾಂಟ ಈ ದಾರಿ ಬಿಡಲಿಲ್ಲ. 1996ರಲ್ಲೇ ಅಲ್ಲಿ ಕ್ಲೀನ್ ಏರ್ ಕ್ಯಾಂಪೇನ್ ಎಂಬ ಸಂಸ್ಥೆ ಶುರುವಾಗಿತ್ತು. ಕಂಪನಿಗಳ ಜೊತೆ ಸೇರಿ ಉದ್ಯೋಗಿಗಳನ್ನು ಒಂಟಿ ಕಾರಿನಿಂದ ಬಿಡಿಸುವುದು ಅದರ ಕೆಲಸ. ಮುಂದೆ ಒಂಟಿಯಾಗಿ ಕಾರು ಓಡಿಸುವುದನ್ನು ಬಿಟ್ಟವರಿಗೆ ಮೊದಲ ಕೆಲವು ತಿಂಗಳು ದಿನಕ್ಕೆ 3 ಡಾಲರ್ ಕೊಡುವ ಯೋಜನೆಯೂ ಬಂತು. ಜೊತೆ ಪ್ರಯಾಣ ಮಾಡುವವರಿಗೆ ಅರ್ಜೆಂಟ್ ಬಿದ್ದರೆ ಮನೆಗೆ ಹೋಗಲು ಉಚಿತ ಟ್ಯಾಕ್ಸಿಯ ಭರವಸೆ ಕೊಟ್ಟರು. ಸಂಜೆ ಮಗುವಿಗೆ ಜ್ವರ ಬಂದರೆ ಏನು ಮಾಡುವುದು ಎಂಬ ಒಂದು ಚಿಂತೆಗೇ ಎಷ್ಟೋ ಜನ ಕಾರು ಬಿಡುವುದಿಲ್ಲ. ಆ ಚಿಂತೆ ತೆಗೆದದ್ದು ನನಗೆ ತುಂಬಾ ಹಿಡಿಸಿದ ಕೆಲಸ.

ಇಂಥ ಯೋಜನೆಯ ಫಲವನ್ನು ಓಝೋನ್ ಮಾಪಕದಲ್ಲಿ ಹುಡುಕಬಾರದು. ಲಕ್ಷಗಟ್ಟಲೆ ಕಾರುಗಳ ನಡುವೆ ಕೆಲವು ಸಾವಿರ ಕಡಿಮೆಯಾದರೆ ಮಾಪಕಕ್ಕೆ ಗೊತ್ತೇ ಆಗುವುದಿಲ್ಲ. ಇಲ್ಲಿ ಲೆಕ್ಕ ಕೆಳಗಿನಿಂದ ಮೇಲಕ್ಕೆ ಹೋಗಬೇಕು. ಎಷ್ಟು ಜನ ಬದಲಾದರು, ಅದರಿಂದ ಎಷ್ಟು ಟ್ರಿಪ್ ತಪ್ಪಿತು, ಎಷ್ಟು ಮೈಲಿ ತಪ್ಪಿತು, ಪ್ರತಿ ಮೈಲಿಗೆ ಎಷ್ಟು ಗ್ರಾಂ ಹೊಗೆ. ಗ್ರಾಂ ಲೆಕ್ಕಕ್ಕೆ ಪರಿಸರ ಏಜೆನ್ಸಿಯ ಮಾದರಿಗಳಿವೆ. ಹಿಂದೆ ಮೊಬೈಲ್ ಎಂಬ ಸರಣಿ ಇತ್ತು, 2010ರಿಂದ ಮೂವ್ಸ್. ಕೇಳಲು ಸುಲಭ. ಆದರೆ ಪ್ರತಿ ಮೆಟ್ಟಿಲಲ್ಲೂ ಸೋರಿಕೆ ಇದೆ.

ಸುಮ್ನೆ ಲೆಕ್ಕಕ್ಕೆಂದು ಒಂದು ಕಂಪನಿಯಲ್ಲಿ 100 ಜನ ಹೆಸರು ಬರೆಸಿದರು ಎಂದಿಟ್ಟುಕೊಳ್ಳೋಣ. ವರದಿಯಲ್ಲಿ ‘100 ಕಾರು ಕಡಿಮೆ’ ಎಂದು ಬರೆಯುವ ಆಸೆ ಬರುತ್ತದೆ. ಮೂರು ತಿಂಗಳ ನಂತರ ವಿಚಾರಿಸಿದರೆ ನಿಜವಾಗಿ ಮುಂದುವರಿಸಿದವರು 60 ಜನ. ಅವರಲ್ಲಿ 20 ಜನ ಮೊದಲಿನಿಂದಲೂ ಬಸ್ಸಿನಲ್ಲೇ ಬರುತ್ತಿದ್ದವರು, ಬಹುಮಾನ ಸಿಗುತ್ತದೆ ಎಂದು ಹೆಸರು ಕೊಟ್ಟವರು. ಉಳಿದ 40 ಜನ ಕಾರು ಬಿಟ್ಟದ್ದು ವಾರದ ಐದು ದಿನವೂ ಅಲ್ಲ, ಎರಡು ದಿನ. ಅಂದರೆ ದಿನಕ್ಕೆ ಸರಾಸರಿ 16 ಜನ. ಅವರೆಲ್ಲ ಇಬ್ಬಿಬ್ಬರು ಸೇರಿ ಒಂದು ಕಾರಿನಲ್ಲಿ ಬಂದರೆ 8 ಕಾರು ರಸ್ತೆಗಿಳಿದೇ ಇಳಿಯುತ್ತವೆ. ಕಡಿಮೆಯಾದದ್ದು ದಿನಕ್ಕೆ 8 ಕಾರು.

ಇನ್ನೂ ಮುಗಿಯಲಿಲ್ಲ. ಸ್ನೇಹಿತನನ್ನು ಸೇರಲು ಅಥವಾ ಬಸ್ಸು ಹತ್ತಲು ಮನೆಯಿಂದ ನಿಲ್ದಾಣದವರೆಗೆ ಕಾರಿನಲ್ಲೇ ಬಂದರೆ? ಕಾರಿನ ಕ್ಯಾಟಲಿಟಿಕ್ ಕನ್ವರ್ಟರ್ ಬಿಸಿಯಾಗಲು ಒಂದೆರಡು ನಿಮಿಷ ಬೇಕು. ಅದು ಬಿಸಿಯಾಗುವ ತನಕ ಹೊಗೆ ಶುದ್ಧವಾಗದೆ ಹೊರಗೆ ಬರುತ್ತದೆ. ಹಾಗಾಗಿ ಒಂದು ಟ್ರಿಪ್‌ನ ವಿಷದಲ್ಲಿ ದೊಡ್ಡ ಪಾಲು ಮೊದಲ ಮೈಲಿಯಲ್ಲೇ ಇರುತ್ತದೆ. ಇಪ್ಪತ್ತು ಮೈಲಿಯ ಬದಲು ಎರಡೇ ಮೈಲಿ ಓಡಿಸಿದರೂ ತಣ್ಣಗಿನ ಎಂಜಿನ್ ಶುರು ಮಾಡಿದ ಹೊಗೆ ಹಾಗೇ ಉಳಿಯುತ್ತದೆ. ಮೈಲಿಯ ಲೆಕ್ಕದಲ್ಲಿ ಶೇ. 90 ಉಳಿತಾಯ, ಹೊಗೆಯ ಲೆಕ್ಕದಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ. ಮನೆಯಿಂದ ಕೆಲಸ ಮಾಡುವವರದ್ದೂ ಹೀಗೇ. ಆಫೀಸಿನ ದಾರಿಯಲ್ಲೇ ಮುಗಿಯುತ್ತಿದ್ದ ಸಣ್ಣಪುಟ್ಟ ಕೆಲಸಕ್ಕೆ ಈಗ ಬೇರೆಯಾಗಿ ಕಾರು ತೆಗೆಯುತ್ತಾರೆ.

ಇಷ್ಟೆಲ್ಲ ಕಳೆದ ಮೇಲೂ ಉಳಿಯುವ 8 ಕಾರು ನಿಜವಾದ 8 ಕಾರು. ಅದಕ್ಕೆ ಬೆಲೆ ಇದೆ. ಬೆಳಗಿನ ಗಂಟೆಯಲ್ಲಿ ಅವು ಇಲ್ಲದಿರುವುದು ಹಿಂದಿನ ಸಾಲಿಗೆಲ್ಲ ಗೊತ್ತಾಗುತ್ತದೆ. ವರದಿ ಬರೆಯುವವರು 100 ಎಂದು ಬರೆದಾಗ ಆ ಎಂಟರ ಮೇಲಿನ ನಂಬಿಕೆಯೂ ಹೋಗುತ್ತದೆ ಎಂಬುದೇ ನನ್ನ ಬೇಸರ.

ಜನ ತಾವೇ ಬರೆದುಕೊಟ್ಟ ದಿನಚರಿಯನ್ನು ಎಷ್ಟು ನಂಬುವುದು ಎಂಬ ಪ್ರಶ್ನೆಯೂ ಇದೆ. ದಿನಕ್ಕೆ 3 ಡಾಲರ್ ಸಿಗುವಾಗ ಒಂದೆರಡು ದಿನ ಜಾಸ್ತಿ ಬರೆಯುವುದು ಮನುಷ್ಯ ಸಹಜ. ಪಾರ್ಕಿಂಗ್ ಗೇಟಿನ ದಾಖಲೆ, ಬಸ್ ಕಾರ್ಡಿನ ದಾಖಲೆ ಜೊತೆಗಿಟ್ಟು ತಾಳೆ ನೋಡಬೇಕು. ದುಡ್ಡು ನಿಂತ ಮೇಲೆ ಒಂದು ವರ್ಷ ಬಿಟ್ಟು ಮತ್ತೆ ಕೇಳಬೇಕು.

ಬೇರೆ ಎರಡು ಸಂದರ್ಭ

2017ರ ಮಾರ್ಚ್ 30ರಂದು ಅದೇ ಅಟ್ಲಾಂಟದಲ್ಲಿ ಐ-85ರ ಸೇತುವೆಯೊಂದು ಕೆಳಗೆ ಬೆಂಕಿ ಹತ್ತಿ ಕುಸಿಯಿತು. ದಿನಕ್ಕೆ ಎರಡು ಲಕ್ಷಕ್ಕೂ ಜಾಸ್ತಿ ವಾಹನ ಓಡಾಡುವ ದಾರಿ ಮೇ ತಿಂಗಳ ನಡುವಿನವರೆಗೆ ಬಂದ್. ಮಾರ್ಟಾ ರೈಲಿಗೆ ಜನ ಹೆಚ್ಚಾದರು, ಮನೆಯಿಂದ ಕೆಲಸವೂ ಹೆಚ್ಚಾಯಿತು. ಇಲ್ಲಿ ಮುಂಚೆ ತಯಾರಿಯೂ ಇರಲಿಲ್ಲ, ಪ್ರಚಾರವೂ ಇರಲಿಲ್ಲ. ಯಾರು ಮನಸ್ಸು ಮಾಡಿ ಬದಲಾದರು, ಯಾರು ಬೇರೆ ದಾರಿಯಿಲ್ಲದೆ ಬದಲಾದರು ಎಂಬುದನ್ನು ಬೇರ್ಪಡಿಸಲು ಇಂಥ ಸಂದರ್ಭ ಒಲಿಂಪಿಕ್ಸ್‌ಗಿಂತ ಒಳ್ಳೆಯದು. ಸೇತುವೆ ತೆರೆದ ಮೇಲೂ ರೈಲಿನಲ್ಲೇ ಉಳಿದವರು ನಿಜವಾಗಿ ಬದಲಾದವರು.

ಇನ್ನೊಂದು, 2026ರ ಜೂನ್ ಮತ್ತು ಜುಲೈನ ವಿಶ್ವಕಪ್ ಫುಟ್‌ಬಾಲ್. ಒಂದು ಸೆಮಿಫೈನಲ್ ಸೇರಿ ಎಂಟು ಪಂದ್ಯಗಳಿಗೆ ಅಟ್ಲಾಂಟ ಆತಿಥೇಯ. ಮತ್ತೆ ಬೇಸಿಗೆ, ಮತ್ತೆ ಓಝೋನ್ ಕಾಲ, ಮತ್ತೆ ಕಾರು ಬಿಡಿ ಎಂಬ ಕರೆ. ಇಲ್ಲಿ ಅಳೆಯುವವರು ಹೋಲಿಕೆಯನ್ನು ಮೊದಲೇ ಬರೆದಿಡಬೇಕು, ಅಂಕಿ ಬಂದ ಮೇಲೆ ಆರಿಸಿಕೊಳ್ಳಬಾರದು. ಪಂದ್ಯಗಳಿಲ್ಲದ, ಆಗ್ನೇಯ ಅಮೆರಿಕದ್ದೇ ಆದ ಬರ್ಮಿಂಗ್‌ಹ್ಯಾಮ್, ಷಾರ್ಲಟ್ ನಗರಗಳ ಓಝೋನ್ ಅದೇ ದಿನಗಳದ್ದು ಪಕ್ಕದಲ್ಲಿರಬೇಕು. ಹಿಂದಿನ ಕೆಲವು ವರ್ಷಗಳ ಅದೇ ವಾರಗಳ ಆಸ್ಪತ್ರೆ ದಾಖಲೆ ಇರಬೇಕು. ಬೆಳಗಿನ ಗಂಟೆಯ ಎಣಿಕೆ ಮತ್ತು 24 ಗಂಟೆಯ ಎಣಿಕೆ ಎರಡನ್ನೂ ಒಂದೇ ಸಾಲಿನಲ್ಲಿ ಕೊಡಬೇಕು. ರಸ್ತೆ ಬದಿಯ ನೈಟ್ರೋಜನ್ ಡೈಆಕ್ಸೈಡ್ ಮಾಪಕಗಳನ್ನು ಓಝೋನ್‌ಗಿಂತ ಮೊದಲು ನೋಡಬೇಕು. ಪಂದ್ಯವಿರುವ ದಿನ, ಇಲ್ಲದ ದಿನ ಎಂದು ಬೇರೆ ಮಾಡಬೇಕು. ಸುಮಾರು ಒಂದು ತಿಂಗಳ ಅವಧಿಯಲ್ಲಿ ಅಂಥ ಎಂಟು ದಿನಗಳು ಹರಡಿಕೊಂಡಿರುವುದರಿಂದ, 1996ರಂತೆ ಒಂದೇ ಹವೆಯ ಅಲೆಯೊಳಗೆ ಎಲ್ಲ ದಿನಗಳೂ ಸಿಕ್ಕಿಹಾಕಿಕೊಳ್ಳುವ ಅಪಾಯ ಈ ಸಲ ಕಡಿಮೆ.